ಸಾಂಬ್ರಾಣಿಯ ಶುಕ್ರವಾರಗಳು

ಮೊದಲು ಹೊಗೆ ಮೆಟ್ಟಿಲು ಹತ್ತಿ ಬಂತು, ಆಮೇಲೆ ಭಾಯ್ ಬಂದರು. ಕಳೆದ ಶುಕ್ರವಾರ ಪೆರಂಬೂರಿನ ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿ, ಕೆಟ್ಟುಹೋದ ನೆಟ್‌ವರ್ಕಿನ ಮುಂದೆ ಮಂಡಿಯೂರಿ ಕೂತಿದ್ದೆ. ಈ ಊರಿನ ಅಂಗಡಿ ಬೀದಿಗಳಲ್ಲಿ ಶುಕ್ರವಾರ ಬೆಳಗ್ಗೆ ಸಾಂಬ್ರಾಣಿ ಹಾಕುವ ಭಾಯ್ ಬಂದೇ ಬರುತ್ತಾರೆ. ಒಂದು ಕೈಯಲ್ಲಿ ಕೆಂಡದ ಪಾತ್ರೆ, ಇನ್ನೊಂದರಲ್ಲಿ ನವಿಲುಗರಿಯ ಬೀಸಣಿಗೆ. ಗೋಡೆಯ ಮೇಲೆ ಯಾವ ದೇವರ ಪಟ ಇದ್ದರೂ ಸರಿ, ಗಲ್ಲಾಪೆಟ್ಟಿಗೆಗೆ ಒಂದು ಬೀಸು, ಬಾಗಿಲಿಗೆ ಒಂದು ಬೀಸು, ಯಜಮಾನನ ತಲೆಗೆ ಒಂದು ಬೀಸು. ಹೊಗೆ ಹೋದ ದಾರಿಯಲ್ಲಿ ಕೆಟ್ಟ ಕಣ್ಣು ಹೋಗುತ್ತದೆಂದು ನಂಬಿಕೆ. ಆ ವಾಸನೆಗೆ ಅಂಗಡಿಯವರ ಮುಖ ಅರಳಿತು. ನನ್ನ ಜೊತೆ ಕೆಲಸಕ್ಕೆ ಬಂದಿದ್ದವಳು ಆಡುತ್ತಿದ್ದ ಮಾತು ಅರ್ಧಕ್ಕೇ ನಿಲ್ಲಿಸಿದಳು. ನನಗೆ ಕೋಡಂಬಾಕ್ಕದ ಆ ಮಳೆಗಾಲ ನೆನಪಾಗಿ ಕತ್ತಿನ ಹಿಂದೆ ತಣ್ಣಗಾಯಿತು.

ನಮ್ಮದು ರೈಲ್ವೆಯವರ ಮನೆ, ಇಲ್ಲೇ ಪೆರಂಬೂರಿನಲ್ಲಿ. ನಾನು ಓದಿದ್ದು ತಮಿಳಿನಲ್ಲಿ, ಜಗಳ ಆಡಿದ್ದು ತಮಿಳಿನಲ್ಲಿ. ಕನ್ನಡ ಮಾತ್ರ ಅಜ್ಜಿಯ ಬಾಯಿಂದ, ಅಡುಗೆಮನೆಯ ನೆಲದ ಮೇಲೆ ಕೂತು ಬಟಾಣಿ ಸುಲಿಯುತ್ತಾ ಕಲಿತದ್ದು. ಹಾಗಾಗಿ ನಾನು ಬಾಯಿ ತೆರೆದರೆ ಒಬ್ಬಳು ಮುದುಕಿ ಇಣುಕುತ್ತಾಳೆಂದು ಕನ್ನಡದ ಗೆಳತಿಯರು ನಗುತ್ತಾರೆ. ಕೆಲಸ ಮಾತ್ರ ಈ ಕಾಲದ್ದು. ದೊಡ್ಡ ಕಟ್ಟಡಗಳಲ್ಲಿ ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ಗಾಜಿನ ಎಳೆ ಹಾಕಿರುತ್ತಾರಲ್ಲ, ಕೂದಲಿನಷ್ಟು ಸಣ್ಣದು, ಫೈಬರ್ ಅನ್ನುತ್ತಾರೆ; ಅದರೊಳಗೆ ಕಣ್ಣಿಗೆ ಕಾಣದ ಬೆಳಕು ಓಡಾಡುತ್ತದೆ. ಆ ಬೆಳಕು ಎಲ್ಲಿ ಸೋರಿತು, ಎಲ್ಲಿ ಮಂಕಾಯಿತು ಎಂದು ಹುಡುಕುವುದು ನನ್ನ ಹೊಟ್ಟೆಪಾಡು. ಅಜ್ಜಿಗೆ ಇದನ್ನು ವಿವರಿಸಿದ ದಿನ ಅವರು ಸ್ವಲ್ಪ ಯೋಚಿಸಿ, "ಬೆಳಕಿನ ನಾಡಿ ಹಿಡಿಯೋದು ಅನ್ನು" ಎಂದಿದ್ದರು. ಅದಕ್ಕಿಂತ ಚೆನ್ನಾಗಿ ನಾನು ಇವತ್ತಿಗೂ ಹೇಳಲಾರೆ.

ಆ ವರ್ಷ ದೀಪಾವಳಿ ಕಳೆದ ಮೇಲೆ ಹಿಂಗಾರು ಕೂತಿತು. ಕೂತಿತು ಅಂದರೆ ಕೂತೇ ಬಿಟ್ಟಿತು. ಆಕಾಶ ಒದ್ದೆ ಕಂಬಳಿಯ ಹಾಗೆ ಊರ ಮೇಲೆ ಬಿದ್ದಿತ್ತು. ಆಗ ರಘು ಮಾಮನ ಫೋನು ಬಂತು. ಅವರು ಅಪ್ಪನ ಪರಿಚಯದವರು, ಕೋಡಂಬಾಕ್ಕದ ಒಂದು ಹಳೆಯ ಸ್ಟುಡಿಯೋದ ಮ್ಯಾನೇಜರು. ಅವರ ತಂದೆ ಕನ್ನಡ ಸಿನಿಮಾಗಳು ಇಲ್ಲೇ ಆಗುತ್ತಿದ್ದ ಕಾಲಕ್ಕೆ ಮೈಸೂರಿಂದ ಬಂದು ನಿಂತವರು. ಶೂಟಿಂಗ್ ಎಲ್ಲ ಬೇರೆ ಕಡೆ ಹೋದ ಮೇಲೆ ಆ ದೊಡ್ಡ ಫ್ಲೋರನ್ನು ಮೂರು ಕತ್ತಲೆ ಕೋಣೆಗಳಾಗಿ ಸೀಳಿ, ಸಿನಿಮಾಕ್ಕೆ ಬಣ್ಣ ತಿದ್ದುವ ಕೆಲಸ ಶುರುಮಾಡಿದ್ದರು. ಅಂಗಳದ ಆಚೆ ಹಿಂದೆ ಮೇಕಪ್ ರೂಮಾಗಿದ್ದಲ್ಲಿ ಈಗ ಮಷೀನ್ ರೂಮು. ಚಿತ್ರಗಳೆಲ್ಲ ಅಲ್ಲಿ ಇರುತ್ತವೆ. ಅಂಗಳದ ಕೆಳಗೆ ಹೂತ ಪೈಪಿನೊಳಗಿನ ಗಾಜಿನ ಎಳೆಗಳಲ್ಲಿ ಬಣ್ಣದ ಕೋಣೆಗಳಿಗೆ ಹರಿಯುತ್ತವೆ.

"ಚಿತ್ರ ಓಡ್ತಾ ಓಡ್ತಾ ನಿಂತ್ಹೋಗತ್ತಮ್ಮಾ ಸುಧಾ," ಅಂದರು ಮಾಮ. "ಪೊಂಗಲ್‌ಗೆ ರಿಲೀಸು. ಸ್ಟುಡಿಯೋ ಓನರು, ನಮ್ಮ ಮುದಲಾಳಿ, ಕೂಗಾಡ್ತಾ ಇದ್ದಾರೆ. ನೀನೇ ಬಂದ್ಬಿಡು."

ಸ್ಟುಡಿಯೋದ ಗೇಟಿನ ಮೇಲೆ ದೃಷ್ಟಿಗೆಂದು ಒಂದು ಬೂದುಗುಂಬಳ ತೂಗುಹಾಕಿದ್ದರು. ಅದಕ್ಕೆ ರಾಕ್ಷಸನ ಮುಖ ಬರೆದಿತ್ತು: ಕೆಂಪು ನಾಲಿಗೆ, ಕೋರೆಹಲ್ಲು, ಗುಡ್ಡೆ ಕಣ್ಣು. ಮಳೆಗೆ ಒಂದು ಕಣ್ಣಿನ ಬಣ್ಣ ಆಗಲೇ ಕರಗಿ ಕೆನ್ನೆಗೆ ಇಳಿದಿತ್ತು. ಅದರ ಕೆಳಗೆ ಹಾದು ಒಳಗೆ ಹೋಗಬೇಕು.

ಮಷೀನ್ ರೂಮಿನಲ್ಲಿ ಗಿರಿಜಾ ಇದ್ದಳು. ಹೊಸೂರು ಕಡೆಯವಳು, ನನಗಿಂತ ಚಿಕ್ಕವಳು. ಯಾವ ಕೋಣೆಗೆ ಯಾವ ಚಿತ್ರ ಹೋಗಬೇಕೋ ನೋಡಿಕೊಂಡು ಬೆಳಗ್ಗೆ ಬೆಳಗ್ಗೆ ಎಳೆಗಳನ್ನು ಕಿತ್ತು ಬದಲಿಸಿ ಚುಚ್ಚುವುದು ಅವಳ ಕೆಲಸ. ಕೈ ಚುರುಕು, ಮಾತು ಕಡಿಮೆ. ಹಣೆ ಬೋಳಾಗಿತ್ತು. ಆಯುಧಪೂಜೆಗೆ ಸ್ವಲ್ಪ ಮುಂಚೆ ಗಂಡ ಜ್ವರ ಎಂದು ಮಲಗಿದವನು ಏಳಲಿಲ್ಲವಂತೆ. ಮನೆಯಲ್ಲಿ ಅತ್ತೆ, ಶಾಲೆಗೆ ಹೋಗುವ ಮಗಳು. ಇವಳ ಸಂಬಳದಿಂದಲೇ ಆ ಮನೆಯ ಒಲೆ ಉರಿಯಬೇಕು. ಹದಿಮೂರರ ಶಾಸ್ತ್ರ ಮುಗಿಸಿ ಕೆಲಸಕ್ಕೆ ಮರಳಿದ ವಾರವೇ ಚಿತ್ರ ನಿಲ್ಲಲು ಶುರುವಾಗಿತ್ತು.

ತೊಂದರೆ ಸಿಕ್ಕಿದ್ದು ಬೇಗ. ಮಷೀನುಗಳನ್ನು ಇಟ್ಟ ಕಬ್ಬಿಣದ ಕಪಾಟಿನ ಬಾಗಿಲು ಒಂದು ಎಳೆಯನ್ನು ಕಚ್ಚಿ ಹಿಡಿದಿತ್ತು. ಗಾಜಿನ ಎಳೆ ಬಗ್ಗುತ್ತದೆ, ಆದರೆ ಮುರಿಯುವ ಹಾಗೆ ಮಡಚಿದರೆ ಬೆಳಕು ಆ ಮಡಿಕೆಯಲ್ಲೇ ಆಚೆ ಚೆಲ್ಲಿಹೋಗುತ್ತದೆ. ಎಳೆಯೊಳಗೆ ಕೆಂಪು ಬೆಳಕು ಬಿಟ್ಟು ತೋರಿಸಿದೆ. ಬಾಗಿಲು ಕಚ್ಚಿದ ಕಡೆ ರಕ್ತದ ಹನಿಯ ಹಾಗೆ ಹೊಳೆಯಿತು. ಎಳೆ ಬದಲಿಸಿ, ಸಡಿಲವಾಗಿ ಸುತ್ತಿ ಕಟ್ಟಿದೆ. ಚಿತ್ರ ಓಡಿತು.

ರಘು ಮಾಮ ಕಾಫಿ ತರಿಸಿದರು. "ಬಾಗಿಲು ಅಂತೀಯಾ? ಅದು ಅಷ್ಟು ಕಾಲದಿಂದ ಮುಚ್ತಾನೇ ಇದೆಯಲ್ಲಮ್ಮಾ. ಈಗ್ಯಾಕೆ ಕಚ್ಚಬೇಕಾಗಿತ್ತು?"

"ಯಾವತ್ತೋ ಒಂದು ದಿನ ಕಚ್ಚತ್ತೆ ಮಾಮ."

"ಹೌದೌದು," ಅಂದರು ಅವರು, ಒಪ್ಪದವರ ದನಿಯಲ್ಲಿ. ಅವರ ಕಣ್ಣು ಅಂಗಳದಾಚೆ ಮಷೀನ್ ರೂಮಿನ ಬಾಗಿಲಿಗೆ ಹೋಗಿ ಬಂತು. "ಪಾಪ, ಒಳ್ಳೇ ಹುಡುಗಿ. ನಾನೊಂದೂ ಹೇಳಲ್ಲ. ಬೇರೆಯವರು ಏನೇನೋ ಅಂತಾರೆ."

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಬಂದ ಶುಕ್ರವಾರ ಮಧ್ಯಾಹ್ನ ಮತ್ತೆ ಫೋನು.

ಆವತ್ತಿನ ಮಳೆ ಬಿಳಿ ಗೋಡೆಯ ಹಾಗಿತ್ತು. ಸ್ಟುಡಿಯೋದ ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು, ಅದರ ಮೇಲೆ ಚಪ್ಪಲಿ, ಎಲೆ, ಸತ್ತ ಹಲ್ಲಿ. ನೀರು ಪೈಪಿನೊಳಗೆ ಇಳಿದಿರಬೇಕು ಎಂದು ನನ್ನ ಅನುಮಾನ. ಎಳೆಯೊಳಗೆ ಬೆಳಕಿನ ಮಿಡಿತ ಕಳಿಸಿ ಅದರ ಪ್ರತಿಧ್ವನಿಯಿಂದ ದಾರಿಯ ಗಾಯ ಹುಡುಕುವ ಯಂತ್ರ ಇದೆ. ಅದನ್ನು ಹಚ್ಚಿ ನೋಡಿದೆ. ಅಂಗಳದ ಕೆಳಗೆ ದಾರಿ ನಿರ್ಮಲ. ಮಂಕು ಇದ್ದದ್ದು ತುದಿಯಲ್ಲಿ, ಮಷೀನ್ ರೂಮಿನಲ್ಲಿ, ಎಳೆಗಳು ಬಂದು ಚುಚ್ಚಿಕೊಳ್ಳುವ ಕಡೆ. ಸ್ಪಿರಿಟ್ಟಿನ ಬಟ್ಟೆಯಿಂದ ಎಲ್ಲ ತುದಿಗಳನ್ನೂ ಒರೆಸಿದೆ. ಬಟ್ಟೆಯಲ್ಲಿ ಸಾಂಬ್ರಾಣಿ ವಾಸನೆ ಇತ್ತು. ಆದರೆ ಶುಕ್ರವಾರ ಆ ಕಟ್ಟಡದಲ್ಲಿ ಕಾಫಿ ಲೋಟಕ್ಕೂ ಸಾಂಬ್ರಾಣಿ ವಾಸನೆಯೇ. ಹಿಂದೆಲ್ಲ ಭಾಯ್ ಗೇಟಿನ ತನಕ ಮಾತ್ರ ಬರುತ್ತಿದ್ದರಂತೆ. ಚಿತ್ರ ನಿಲ್ಲಲು ಶುರುವಾದ ಮೇಲೆ ಒಳಗೆ ಮಷೀನ್ ರೂಮಿಗೂ ಹಾಕಿ ಎಂದು ಮಾಮನೇ ಹೇಳಿದ್ದರು.

ಒರೆಸಿದ ಮೇಲೆ ಎಲ್ಲ ಸರಿಯಾಯಿತು. ತುದಿಗಳಲ್ಲಿ ಕೊಳೆ ಕೂತದ್ದು ಹೇಗೆ ಎಂದು ನೋಡಲು ಸೂಕ್ಷ್ಮದರ್ಶಕ ಬೇಕು. ನಮ್ಮದು ಆಗ ಕೀಲ್ಪಾಕಿನ ಇನ್ನೊಂದು ಕೆಲಸದಲ್ಲಿ ಸಿಕ್ಕಿಹಾಕಿಕೊಂಡಿತ್ತು. ಮಳೆಯ ತೇವ ಇರಬೇಕು ಎಂದು ಎಲ್ಲರೂ ಅಂದರು. ನಾನೂ ತಲೆಯಾಡಿಸಿದೆ. ಗಿರಿಜಾ ಮಾತ್ರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತಿದ್ದಳು.

ಮುಂದಿನ ಶುಕ್ರವಾರ ಮತ್ತೆ ನಿಂತಿತು.

ಈ ಸಲ ನಾನು ಹೋದಾಗ ಸ್ಟುಡಿಯೋದೊಳಗಿನ ಗಾಳಿಯೇ ಬೇರೆ ಇತ್ತು. ಹಿಂದಿನ ಫ್ಲೋರಿನ ಗೋಡೆಗಳು ಸದ್ದು ಹೊರಹೋಗದಂತೆ ಗೋಣಿ ಬಡಿದ ಗೋಡೆಗಳು. ಒಳಗೆ ಕಾಲಿಟ್ಟರೆ ಮಳೆ ತಟಕ್ಕನೆ ಸತ್ತಂತಾಗುತ್ತದೆ. ಆ ಮೌನದಲ್ಲಿ ಜನ ಪಿಸುಗುಟ್ಟುತ್ತಿದ್ದರು. ಬಣ್ಣದ ಕೋಣೆಯ ತಂತ್ರಜ್ಞನೊಬ್ಬ ಹೊರಗೆ ಹೊರಟವನು, ಗಿರಿಜಾ ಎದುರಿಂದ ಬರುವುದನ್ನು ಕಂಡು, ಏನೋ ಮರೆತವನ ಹಾಗೆ ಹಿಂದೆ ತಿರುಗಿ ಕುರ್ಚಿಯ ಮೇಲೆ ಕೂತು, ನೀರು ಕುಡಿದು, ಆಮೇಲೆ ಎದ್ದು ಹೋದ. ಚಹಾದ ತಟ್ಟೆಯಲ್ಲಿ ಅವಳ ಲೋಟ ಸ್ವಲ್ಪ ದೂರ ಸರಿದಿತ್ತು. ಯಾರೂ ಅವಳಿಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಅದೇ ನನಗೆ ಹೆದರಿಕೆ ತಂದದ್ದು. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಮೌನಕ್ಕೆ ಏನು ಉತ್ತರ ಕೊಡುವುದು? ಗೇಟಿನ ಕುಂಬಳ ಕೊಳೆಯಲು ಶುರುವಾಗಿ, ರಾಕ್ಷಸನ ಬಾಯಿಂದ ಹನಿ ಹನಿ ನೀರು ಇಳಿಯುತ್ತಿತ್ತು. ಅದನ್ನು ಬದಲಿಸಲು ಒಳ್ಳೆಯ ದಿನ ನೋಡುತ್ತಿದ್ದಾರೆಂದರು.

ತುದಿಗಳನ್ನು ಒರೆಸುವುದರ ಬದಲು ಎಳೆಗಳನ್ನೇ ಹೊಸದು ಹಾಕಿದೆ. ಸರಿಯಾಯಿತು. ಹೊರಡುವಾಗ ಗಿರಿಜಾ ಮೆಲ್ಲಗೆ ಕೇಳಿದಳು:

"ಅಕ್ಕಾ, ಶುಕ್ರವಾರವೇ ಯಾಕೆ ಹಿಂಗಾಯ್ತದೆ?"

"ಏನೋ ಒಂದು ಇರತ್ತೆ ಕಣೆ. ಹುಡುಕೋಣ."

"ಅವ್ರು ಹೋಗಿದ್ದೂ ಶುಕ್ರವಾರನೇ," ಅಂದಳು. ಅವಳ ಗಂಡ. ಅಂದು, ತಾನು ಅಂದದ್ದಕ್ಕೆ ತಾನೇ ಬೆಚ್ಚಿ, ಕಪಾಟಿನ ಕಡೆ ತಿರುಗಿಕೊಂಡಳು.

ರಘು ಮಾಮ ನನ್ನನ್ನು ಆಟೋ ತನಕ ಕೊಡೆ ಹಿಡಿದು ಬಿಟ್ಟರು. ಕೊಡೆಯ ಹೆಚ್ಚು ಪಾಲು ನನ್ನ ಮೇಲೆ ಹಿಡಿದಿದ್ದರಿಂದ ಅವರ ಎಡ ಭುಜ ತೊಯ್ದು ತೊಪ್ಪೆಯಾಗಿತ್ತು. ಅಂಥವರೇ ಅವರು. "ಸುಧಾ, ಮುದಲಾಳಿ ಹೇಳ್ಬಿಟ್ರು. ಇನ್ನೊಂದು ಶುಕ್ರವಾರ ನೋಡ್ತಾರಂತೆ. ಆಗಲೂ ನಿಂತ್ರೆ, ವರ್ಷ ತುಂಬೋ ತನಕ ಗಿರಿಜಾ ಮನೇಲಿ ರೆಸ್ಟ್ ತಗೊಳ್ಳಿ ಅಂತ."

"ವರ್ಷ ತುಂಬಿದ ಮೇಲೆ ಮತ್ತೆ ತಗೋತೀರಾ ಮಾಮ?"

ಅವರು ಆಟೋದವನಿಗೆ ದಾರಿ ಹೇಳತೊಡಗಿದರು. ಆಟೋದವನಿಗೆ ದಾರಿ ಗೊತ್ತಿತ್ತು.

ಮನೆಗೆ ಬಂದು ಒದ್ದೆ ತಲೆ ಒರೆಸಿಕೊಳ್ಳುತ್ತಾ ಅಜ್ಜಿಗೆ ಎಲ್ಲ ಹೇಳಿದೆ. ಅಜ್ಜಿ ಕಿಟಕಿಯ ಪಕ್ಕ ಬತ್ತಿ ಹೊಸೆಯುತ್ತಿದ್ದರು. ಇಲ್ಲಿ ಒಂದು ಮಾತು ಹೇಳಬೇಕು. ನಾನು ಚಿಕ್ಕವಳಿದ್ದಾಗಿಂದ, ನಮ್ಮ ಮನೆಯಿಂದ ಯಾರಾದರೂ ಪರೀಕ್ಷೆಗೋ ಮದುವೆಗೋ ಹೊರಡುವ ಹೊತ್ತಿಗೆ ಅಜ್ಜಿ ಒಳಕೋಣೆಗೆ ಹೋಗಿಬಿಡುತ್ತಿದ್ದರು. ಅಜ್ಜಿಗೆ ನಾಚಿಕೆ ಸ್ವಭಾವ ಎಂದುಕೊಂಡಿದ್ದೆ. ನಾನು ಇಂಜಿನಿಯರಿಂಗ್ ಪರೀಕ್ಷೆಗಳಿಗೆ ಹೊರಟಾಗಲೆಲ್ಲ ಅವರ ಆಶೀರ್ವಾದ ಗೋಡೆಯ ಆಚೆಯಿಂದ ಕೇಳಿಸುತ್ತಿತ್ತು: "ಹೋಗ್ಬಾ ಮಗಾ, ಚೆನ್ನಾಗಿ ಬರಿ!"

"ಅಜ್ಜೀ, ನಿನ್ನ ಯಾರು ಒಳಗೆ ಹೋಗು ಅಂದದ್ದು?" ಎಂದು ಆವತ್ತು ಮೊದಲ ಸಲ ಕೇಳಿದೆ.

ಅಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಯಾರೂ ಅನ್ನಲಿಲ್ಲ. ನಿಮ್ಮ ತಾತ ತೀರಿಹೋದ ವರ್ಷ ನಿಮ್ಮ ಅತ್ತೆ ಹೆರಿಗೆಗೆ ಹೊರಟಳು, ನಾನು ಬಾಗಿಲಲ್ಲಿದ್ದೆ. ಕೂಸು ಉಳೀಲಿಲ್ಲ. ಆಗಲೂ ಯಾರೂ ಏನೂ ಅನ್ನಲಿಲ್ಲ. ನಾನೇ ಒಳಗೆ ಹೋದೆ. ಅವರಿಗೆ ಅದೇ ಸುಲಭ, ನೋಡು. ನನ್ನ ಒಳಗೆ ಕಳಿಸಿದ ಪಾಪ ಅವರಿಗೆ ಬರೋದಿಲ್ಲ." ಹೊಸೆದ ಬತ್ತಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಆ ಹುಡುಗೀನೂ ತಾನೇ ಹೋಗ್ತಾಳೆ. ನೀನು ಬೇಗ ಹುಡುಕು."

ಆ ವಾರ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂದು ಟೀವಿಯವರು ಬಾಯಿ ಬಡಿದುಕೊಳ್ಳುತ್ತಿದ್ದರು. ಶುಕ್ರವಾರ ಬೆಳಗ್ಗೆ ಶಾಲೆಗಳಿಗೆ ರಜೆ ಕೊಟ್ಟಿದ್ದರು. ಕೀಲ್ಪಾಕಿನಿಂದ ಸೂಕ್ಷ್ಮದರ್ಶಕ ತರಿಸಿಕೊಂಡಿದ್ದೆ. ಅಂಗೈಯಗಲದ ಪರದೆ, ಅದಕ್ಕೊಂದು ಪೆನ್ನಿನಂಥ ಮೂತಿ. ಎಳೆಯ ತುದಿಗೆ ಮೂತಿ ಇಟ್ಟರೆ ಪರದೆಯ ಮೇಲೆ ಆ ತುದಿ ಹುಣ್ಣಿಮೆ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ. ಸ್ಟುಡಿಯೋಗೆ ಎಲ್ಲರಿಗಿಂತ ಮೊದಲು ಹೋಗಿ, ಮಷೀನ್ ರೂಮಿನ ಪ್ರತಿಯೊಂದು ತುದಿಯನ್ನೂ ನೋಡಿದೆ. ಒಂದು ಕಲೆಯಿಲ್ಲ, ಒಂದು ಧೂಳಿನ ಕಣವಿಲ್ಲ. ಇವತ್ತು ನಿಲ್ಲಲಾರದು, ನಿಲ್ಲಲು ಕಾರಣವೇ ಇಲ್ಲ ಎಂದು ಧೈರ್ಯವಾಯಿತು. ಎಳೆಗಳ ಇನ್ನೊಂದು ತುದಿ ನೋಡಲು ಅಂಗಳ ದಾಟಿ ಬಣ್ಣದ ಕೋಣೆಗಳಿಗೆ ಹೋದೆ.

ಅಲ್ಲಿ ಮುಗಿಸಿ ವಾಪಸು ಬರುವಾಗ ಮಳೆ ಅಡ್ಡಡ್ಡಲಾಗಿ ಬೀಸುತ್ತಿತ್ತು. ಗೇಟಿನ ಕುಂಬಳ ಹಗ್ಗದಲ್ಲಿ ತಿರುಗಿ ತಿರುಗಿ, ಉಳಿದ ಒಂದು ಕಣ್ಣಿನಿಂದ ಒಮ್ಮೆ ರಸ್ತೆಯನ್ನು, ಒಮ್ಮೆ ನನ್ನನ್ನು ನೋಡುತ್ತಿತ್ತು. ಮಷೀನ್ ರೂಮಿನ ಬಾಗಿಲು ಅರೆತೆರೆದಿತ್ತು. ಅದರ ಸಂದಿಯಿಂದ ಬಿಳಿ ಹೊಗೆ ನೆಲಕ್ಕೆ ಹತ್ತಿಕೊಂಡು ಹೊರಗೆ ಬರುತ್ತಿತ್ತು. ಒಂದು ಕ್ಷಣ ಬೆಂಕಿ ಎಂದೇ ಅಂದುಕೊಂಡೆ. ತಳ್ಳಿ ನೋಡಿದೆ.

ಕಪಾಟಿನ ಬಾಗಿಲು ಹಾರುಹೊಡೆದಿತ್ತು. ಎಳೆಗಳೆಲ್ಲ ಕಿತ್ತು ಜೋತುಬಿದ್ದಿದ್ದವು. ಖಾಲಿ ತೂತುಗಳಿಗೆ ಧೂಳು ಹೋಗದಂತೆ ಹಾಕುವ ಪುಟ್ಟ ಮುಚ್ಚಳಗಳು ಒಂದು ಸ್ಟೀಲ್ ಬಟ್ಟಲಲ್ಲಿ, ಹೂವು ಬಿಡಿಸಿಟ್ಟ ಹಾಗೆ ಇದ್ದವು. ಸಾಂಬ್ರಾಣಿ ಭಾಯ್ ತಲೆತಗ್ಗಿಸಿ, ಶ್ರದ್ಧೆಯಿಂದ, ಆ ತೂತುಗಳೊಳಕ್ಕೆ ಹೊಗೆ ಬೀಸುತ್ತಿದ್ದರು. ಗಿರಿಜಾ ಪಕ್ಕದಲ್ಲಿ ಜೋತುಬಿದ್ದ ಎಳೆಗಳನ್ನು ಎರಡೂ ಕೈಗಳಲ್ಲಿ ಹಿಡಿದು ಹೊಗೆಯ ಮೇಲೆ ಕೂಸನ್ನು ಕಾಯಿಸುವವಳಂತೆ ಆಡಿಸುತ್ತಿದ್ದಳು. ಕಣ್ಣು ಮುಚ್ಚಿತ್ತು. ತುಟಿ ಏನೋ ಹೇಳುತ್ತಿತ್ತು.

ನನ್ನನ್ನು ಕಂಡು ಭಾಯ್ ನಕ್ಕರು. "ಒಳಗೆ ತನಕ ಹೋಗಬೇಕಮ್ಮಾ ಹೊಗೆ," ಅಂದರು ತಮಿಳಿನಲ್ಲಿ. "ಈ ಮಗಳೇ ಹೇಳಿದ್ದು. ಮೂರು ವಾರದಿಂದ ಹೀಗೇ ಚೆನ್ನಾಗಿ ಹಾಕ್ತಿದ್ದೀನಿ." ಕೆಲಸ ಸರಿಯಾಗಿ ಮುಗಿಸಿದ ತೃಪ್ತಿಯಲ್ಲಿ ಅವರು ಪಾತ್ರೆ ಎತ್ತಿಕೊಂಡು ಮುಂದಿನ ಕೋಣೆಗೆ ಹೋದರು.

ನಾನು ಅವಳ ಕೈಯಿಂದ ಒಂದು ಎಳೆ ತೆಗೆದುಕೊಂಡು ತುದಿಗೆ ಮೂತಿ ಇಟ್ಟೆ. ಬೆಳಗ್ಗೆ ನಿರ್ಮಲವಾಗಿದ್ದ ಚಂದ್ರನ ಮೇಲೆ ಈಗ ಜೇನುಬಣ್ಣದ ಹನಿಗಳು ಕೂತಿದ್ದವು. ಮರದ ಮೇಣದ ಹೊಗೆ ಅಲ್ಲವೇ ಅದು. ತಣ್ಣಗಿನ ಗಾಜಿಗೆ ತಾಗಿ ಅಂಟಾಗುತ್ತದೆ, ಅಂಟಿಗೆ ಮಸಿ ಹಿಡಿಯುತ್ತದೆ. ಬೆಳಕು ಪೂರ್ತಿ ಸಾಯುವುದಿಲ್ಲ, ಏದುಸಿರು ಬಿಡುತ್ತದೆ. ಬೆಳಗ್ಗೆ ಹೇಗೋ ನಡೆಯುತ್ತದೆ, ಮಧ್ಯಾಹ್ನ ದೊಡ್ಡ ದೊಡ್ಡ ಚಿತ್ರಗಳು ಬಂದಾಗ ಕುಸಿಯುತ್ತದೆ.

"ನೋಡು," ಎಂದೆ.

ಅವಳು ಪರದೆ ನೋಡಿದಳು. ಅವಳಿಗೆ ವಿವರಿಸಬೇಕಾಗಿರಲಿಲ್ಲ.

"ಮೊದಲ ಸಲ ಬಾಗಿಲು ಕಚ್ಚಿತ್ತಲ್ಲ ಅಕ್ಕಾ, ಅದು ನೀವು ಹೇಳಿದ್ರಿ. ಆದ್ರೆ ಎಲ್ಲಾರೂ ನನ್ನೇ ನೋಡ್ತಾ ಇದ್ರು. ನಂಗೂ ಅನ್ನಿಸ್ತು, ನನ್ ಕೈಯಾಗೇ ಏನೋ ಐತೆ ಅಂತ. ದಿನಾ ಈ ಕೈಯಿಂದಾನೇ ತಾನೆ ಎಲ್ಲಾ ಚುಚ್ಚೋದು. ಹೊಗೆ ಹೊರಗೇ ನಿಂತ್ರೆ ಹೋಗಾಕಿಲ್ಲ, ನಾನು ಮುಟ್ಟಿದ ಕಡೆಗೆಲ್ಲಾ ಹೋಗ್ಬೇಕು ಅಂತ…" ನಿಲ್ಲಿಸಿದಳು. ಪರದೆಯ ಹನಿಗಳ ಮೇಲೆ ಅವಳ ಕಣ್ಣು ನೆಟ್ಟಿತ್ತು. "ಹಂಗಾದ್ರೆ ಅವ್ರು ಅಂದ್ಕೊಂಡಿದ್ದು ನಿಜಾನೇ ಅಲ್ವಾ ಅಕ್ಕಾ? ನನ್ ಕೈಯೇ."

ಹೊರಗೆ ಗಾಳಿಗೆ ಎಲ್ಲೋ ಒಂದು ತಗಡು ಕಳಚಿ ಬಿದ್ದ ಸದ್ದಾಯಿತು. ನನ್ನ ಮೈಯ ಕೂದಲೆಲ್ಲ ನಿಂತವು. ತಗಡಿಗಲ್ಲ, ಆ ಮಾತಿಗೆ. ಇಲ್ಲದ ಕೆಡುಕನ್ನು ಓಡಿಸಲು ಹೋಗಿ ಈ ಹುಡುಗಿ ಇರುವ ಕೆಡುಕನ್ನು ಕೈಯಾರೆ ಮಾಡಿದ್ದಳು. ಅವಳ ತಲೆಯೊಳಗೆ ಅದನ್ನು ಬಿತ್ತಿದವರು ಯಾರೂ ಒಂದು ಮಾತು ಆಡಿರಲಿಲ್ಲ.

"ಕೈಯಲ್ಲ ಕಣೆ, ಹೊಗೆ," ಎಂದೆ. "ಬಾ, ಒರೆಸು."

ಇಬ್ಬರೂ ಸೇರಿ ಎಲ್ಲ ತುದಿಗಳನ್ನೂ ಒರೆಸಿದೆವು. ಒಂದೊಂದನ್ನೂ ಪರದೆಯಲ್ಲಿ ನೋಡಿ, ಚಂದ್ರ ತಿಳಿಯಾದ ಮೇಲೆಯೇ ಚುಚ್ಚಿದೆವು. ಮುಚ್ಚಳಗಳನ್ನು ಹಾಕಿದೆವು. ಆ ದಿನ ಮಧ್ಯಾಹ್ನ ಎಲ್ಲರೂ ತಮ್ಮ ತಮ್ಮ ಕೋಣೆಗಳಲ್ಲಿ ಚಿತ್ರ ನಿಲ್ಲುವುದನ್ನೇ ಕಾಯುತ್ತಿದ್ದರು, ನಿಲ್ಲಲಿಲ್ಲ. ಸಂಜೆಯ ತನಕ ನಿಲ್ಲಲಿಲ್ಲ.

ರಘು ಮಾಮನಿಗೆ ಪರದೆಯಲ್ಲಿ ಹಿಡಿದಿಟ್ಟಿದ್ದ ಚಿತ್ರ ತೋರಿಸಿದೆ. "ಸಾಂಬ್ರಾಣಿ ಹೊಗೆ ಮಾಮ. ಮಷೀನ್ ರೂಮಿಗೆ ಹಾಕಿಸಬೇಡಿ, ಅಷ್ಟೇ." ಮುಚ್ಚಳದ ವಿಷಯ ಎತ್ತಲಿಲ್ಲ. ಕಾರಣ ಹೊಗೆ, ಅದು ನಿಜ. ಅಷ್ಟು ನಿಜ ಸಾಕಾಗಿತ್ತು.

ಮಾಮನ ಮುಖದಲ್ಲಿ ಭಾರ ಇಳಿಯಿತು. ಆದರೆ ಇಳಿದ ಭಾರ ಎಲ್ಲಾದರೂ ಕೂರಬೇಕಲ್ಲ. ಭಾಯ್ ಮಳೆ ನಿಲ್ಲಲೆಂದು ಇನ್ನೂ ಸೆಕ್ಯುರಿಟಿಯವನ ಗೂಡಿನಲ್ಲೇ ಕೂತಿದ್ದರು. ಮಾಮ ನೇರ ಅಲ್ಲಿಗೆ ನಡೆದರು. ನಾನು ಅವರ ಹಿಂದೆಯೇ ಓಡಿದೆ.

"ಭಾಯ್, ಇನ್ಮೇಲೆ ಬರಬೇಡಿ. ಇಷ್ಟು ದಿನ ಎಲ್ಲ ಕೆಡಿಸಿದ್ದು ನಿಮ್ಮ ಹೊಗೆಯೇ ಅಂತೆ."

"ಮಾಮ, ನಾನು ಹಾಗೆ ಹೇಳಲಿಲ್ಲ…"

ಭಾಯ್ ಎದ್ದು ನಿಂತರು. ಅವರು ಊದಿ ಊದಿ ಉಳಿಸಿಕೊಂಡಿದ್ದ ಕೆಂಡದ ಪಾತ್ರೆಗೆ ಮಳೆಹನಿ ಬಿದ್ದು ಚುಸ್ ಚುಸ್ ಎನ್ನುತ್ತಿತ್ತು. "ನಾನು ಬರೀ ಬೀಸಿದೆ ಸಾರ್," ಎಂದಷ್ಟೇ ಅಂದರು. ಮುಚ್ಚಳ ತೆಗೆದವರು ಯಾರೆಂದು ಅವರಿಗೆ ಗೊತ್ತಿತ್ತು. ಹೇಳಲಿಲ್ಲ.

ಗಿರಿಜಾ ಅಂಗಳ ದಾಟಿ ಬರುತ್ತಿದ್ದಳು. ಕೊಡೆ ಇರಲಿಲ್ಲ. ನಾನು ಕಣ್ಣಲ್ಲೇ ಬೇಡ ಎಂದೆ.

"ಅವ್ರನ್ನ ಬೈಬೇಡಿ ಸಾರ್. ಬಾಗಿಲು ತೆಗೆದಿದ್ದು, ವಯರು ಕಿತ್ತಿದ್ದು, ಮುಚ್ಚಳ ತೆಗೆದಿದ್ದು ನಾನು. ಹೊಗೆ ಒಳಗೋಗ್ಲಿ ಅಂತ."

ರಘು ಮಾಮ ಅವಳನ್ನು ನೋಡಿದರು. ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಬಹಳ ದಿನದಿಂದ ಗೊತ್ತಿದ್ದ ಉತ್ತರ ಕೊನೆಗೂ ಕೇಳಿಸಿಕೊಂಡವರ ಹಾಗೆ ಮೆಲ್ಲಗೆ ತಲೆಯಾಡಿಸಿದರು.

"ಮಾಮ, ಮೊದಲ ಸಲ ಕೆಟ್ಟದ್ದು ಕಪಾಟಿನ ಬಾಗಿಲಿಂದ," ಎಂದೆ. ನನ್ನ ದನಿ ಏರಿತ್ತು. "ನೀವೆಲ್ಲ ಇವಳನ್ನ ಹೆದರಿಸದೆ ಇದ್ದಿದ್ರೆ ಇವಳು ಮುಚ್ಚಳ ಮುಟ್ತಾನೇ ಇರಲಿಲ್ಲ."

"ನಾನೆಲ್ಲಿ ಹೆದರಿಸ್ದೆ ಸುಧಾ?" ಮಾಮ ನಿಜವಾಗಿ ನೊಂದುಕೊಂಡರು. "ಕೇಳು ಅವಳನ್ನೇ. ನಾನು ಒಂದು ಮಾತು ಅಂದಿದೀನಾ? ಯಾಕಮ್ಮಾ ಗಿರಿಜಾ, ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲ ಸಾರ್," ಅಂದಳು ಗಿರಿಜಾ. "ಯಾರೂ ಏನೂ ಅನ್ನಲಿಲ್ಲ. ನಾನೇ ಬಿಟ್ಬಿಡ್ತೀನಿ ಸಾರ್."

"ಛೆ ಛೆ, ಬಿಡೋದೇನು. ವರ್ಷ ತುಂಬ್ಲಿ. ಆಮೇಲೆ ನೋಡೋಣ," ಅಂದರು ಮಾಮ. ಆ ಮಾತಿನ ಮೃದುತ್ವವನ್ನು ನಾನು ಇವತ್ತಿಗೂ ಮರೆತಿಲ್ಲ.

ಅವಳು ತನ್ನ ಊಟದ ಡಬ್ಬಿ, ಮಗಳ ಫೋಟೋ ಅಂಟಿಸಿದ್ದ ನೀರಿನ ಬಾಟಲಿ ತೆಗೆದುಕೊಂಡು ಗೇಟು ದಾಟಿದಳು. ಅವಳು ಹೋದ ಸ್ವಲ್ಪ ಹೊತ್ತಿಗೆ ಕುಂಬಳ ಹಗ್ಗ ಹರಿದು ಬಿದ್ದು ಅಂಗಳದ ನೀರಿನಲ್ಲಿ ಒಡೆದುಹೋಯಿತು. ದೋಷ ಕಳೀತು ಎಂದು ಯಾರೋ ಕೈಮುಗಿದರು. ಆ ಸ್ಟುಡಿಯೋದಲ್ಲಿ ಆಮೇಲೆ ಚಿತ್ರ ನಿಲ್ಲಲೇ ಇಲ್ಲ. ನನಗೆ ಅತ್ಯಂತ ಭಯ ಹುಟ್ಟಿಸಿದ್ದು ಅದೇ: ಅವರ ಪಾಲಿಗೆ ಲೆಕ್ಕ ಸರಿಹೋಗಿತ್ತು. ಅವಳು ಹೋದಳು, ತೊಂದರೆ ಹೋಯಿತು. ನಾನು ತೋರಿಸಿದ ಜೇನುಬಣ್ಣದ ಹನಿಗಳು ಯಾರಿಗೂ ಬೇಕಾಗಿರಲಿಲ್ಲ.

ಮನೆಯಲ್ಲಿ ಅಜ್ಜಿ ಎಲ್ಲ ಕೇಳಿಸಿಕೊಂಡರು. ಆಮೇಲೆ ಅಂದರು: "ನಿನ್ನ ಕೆಲಸಕ್ಕೆ ಕೈ ಚುರುಕಿರೋರು ಬೇಕು ಅಂತಿದ್ದೆಯಲ್ಲ."

"ಬೇಕು."

"ಮತ್ತೆ ಕರ್ಕೊಂಡ್ ಬಾ. ನನ್ನನ್ನೇನು ಕೇಳ್ತೀಯ."

ನಾಲ್ಕು ಸಲ ಫೋನು ಮಾಡಬೇಕಾಯಿತು, ಅವಳ ಮನೆ ಹುಡುಕಿಕೊಂಡು ಹೋಗಬೇಕಾಯಿತು, ಅತ್ತೆಯ ಕೈಯ ಕಾಫಿ ಕುಡಿದು ಅವರ ಅನುಮಾನಗಳಿಗೆಲ್ಲ ಉತ್ತರ ಹೇಳಬೇಕಾಯಿತು. ಮಾರ್ಗಳಿಯ, ಅಂದರೆ ನಮ್ಮ ಧನುರ್ಮಾಸದ, ಒಂದು ಬೆಳಗ್ಗೆ, ಮಳೆ ಪೂರ್ತಿ ಬಿಟ್ಟ ಮೇಲೆ, ಗಿರಿಜಾ ಮೊದಲ ದಿನದ ಕೆಲಸಕ್ಕೆ ನಮ್ಮ ಮನೆಗೆ ಬಂದಳು. ಯಂತ್ರದ ಚೀಲ ಹೆಗಲಿಗೇರಿಸಿ ಇಬ್ಬರೂ ಹೊರಟೆವು. ಅಭ್ಯಾಸದಂತೆ ನಾನು ಒಳಕೋಣೆಯ ಕಡೆ ತಿರುಗಿ, "ಹೋಗ್ಬರ್ತೀನಿ ಅಜ್ಜೀ" ಎಂದು ಕೂಗಿದೆ.

ಉತ್ತರ ಎದುರಿನಿಂದ ಬಂತು. ಅಜ್ಜಿ ಹೊರಬಾಗಿಲಲ್ಲಿ, ಹೊಸಿಲ ನಟ್ಟ ನಡುವೆ, ದಾರಿಗೆ ಅಡ್ಡವಾಗಿ ನಿಂತಿದ್ದರು. ಒಂದು ಕೈ ಚೌಕಟ್ಟು ಹಿಡಿದಿತ್ತು. ಅವರ ಮುಖದಲ್ಲಿ ನಾನು ಹಿಂದೆಂದೂ ನೋಡಿರದ ಹೆದರಿಕೆ ಇತ್ತು. ಆದರೂ ಅವರು ಸರಿಯಲಿಲ್ಲ. ಗಿರಿಜಾ ಅವರನ್ನು ನೋಡಿದಳು, ಅವರು ಅವಳನ್ನು ನೋಡಿದರು. "ಹೋಗ್ಬನ್ನಿ," ಅಂದರು ಅಜ್ಜಿ. ಅವರ ಎದುರೇ, ಅವರ ಮೈಗೆ ಮೈ ಸೋಕಿ ದಾಟಿಕೊಂಡು ನಾವು ಹೊರಗೆ ಬಂದೆವು.

ಸಂಜೆ ನಾವು ಮರಳುವ ತನಕ ಅಜ್ಜಿ ಊಟ ಮಾಡಿರಲಿಲ್ಲವೆಂದು ಅಮ್ಮ ಆಮೇಲೆ ಹೇಳಿದರು.

ಹೌದು, ಕಳೆದ ಶುಕ್ರವಾರ ಬಟ್ಟೆ ಅಂಗಡಿಯಲ್ಲಿ ಮಾತು ಅರ್ಧಕ್ಕೆ ನಿಲ್ಲಿಸಿದವಳು ಗಿರಿಜಾಳೇ. ಈಗ ನನಗಿಂತ ಬೇಗ ಅವಳು ಮಂಕು ಹುಡುಕುತ್ತಾಳೆ, ಗಿರಾಕಿಗಳು ಅವಳನ್ನೇ ಕಳಿಸಿ ಎನ್ನುತ್ತಾರೆ. ಹಣೆಗೆ ಸಣ್ಣ ಬೊಟ್ಟು ಇಡುತ್ತಾಳೆ. ಮಗಳು ಪೆರಂಬೂರಿನ ಶಾಲೆಗೇ ಬಂದಿದ್ದಾಳೆ. ನಮ್ಮ ಅಜ್ಜಿಗೆ ತಮಿಳಿನಲ್ಲಿ ಉತ್ತರ ಕೊಟ್ಟು ಕನ್ನಡದಲ್ಲಿ ಬೈಸಿಕೊಳ್ಳುತ್ತಾಳೆ. ಎಲ್ಲ ಸರಿಯಿದೆ.

ಆವತ್ತು ಅಂಗಡಿಗೆ ಬಂದ ಭಾಯ್, ಸ್ಟುಡಿಯೋದವರಲ್ಲ, ಬೇರೆಯವರು, ನಮ್ಮ ಹತ್ತಿರ ಬಂದು, ಹೆಣ್ಣುಮಕ್ಕಳು ಕೆಲಸ ಮಾಡುತ್ತಿದ್ದಾರೆಂದು ನಕ್ಕು, ನಮ್ಮ ಯಂತ್ರಕ್ಕೂ ಒಂದು ಬೀಸು ಹಾಕಲು ನವಿಲುಗರಿ ಎತ್ತಿದರು. ಯಂತ್ರದ ತುದಿಗೆ ಮುಚ್ಚಳ ಹಾಕಿತ್ತು. ಮುಚ್ಚಳದ ಮೇಲೆ ಪ್ಲಾಸ್ಟಿಕ್ ಚೀಲವೂ ಇತ್ತು. ಆದರೂ ಗಿರಿಜಾಳ ಹೆಬ್ಬೆರಳು ಆ ತುದಿಯನ್ನು ಅದುಮಿ ಹಿಡಿಯಿತು. ಉಗುರು ಬಿಳುಪಾಗುವಷ್ಟು ಬಿಗಿಯಾಗಿ. ಅವಳು ಉಸಿರಾಡುತ್ತಿರಲಿಲ್ಲ.

ಹೊಗೆ ನಮ್ಮನ್ನು ಸುತ್ತಿ, ನಿಂತು, ಮೆಟ್ಟಿಲಿಳಿದು ಹೋಗುವ ತನಕ ನಾನೂ ಉಸಿರು ಬಿಡಲಿಲ್ಲ.